ಮಿಂಟ್ ಇಲ್ಲದ ಗಮ್ ಉಂಟಾ?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ‘ಆಗುವುದಿಲ್ಲ’ ಅನ್ನುವ ಮಾತಿಗೆ ಎರಡು ಅರ್ಥ ಉಂಟು. ಬದನೆ ಆಗುವುದಿಲ್ಲ ಅಂದರೆ ತಿಂದರೆ ಮೈ ತುರಿಸುತ್ತದೆ ಅಂತಲೂ ಆಗಬಹುದು, ಸುಮ್ಮನೆ ಇಷ್ಟ ಇಲ್ಲ ಅಂತಲೂ ಆಗಬಹುದು. ತುಳುವಿನ ‘ಆಪುಜಿ’ಗೂ ಇದೇ ಕಥೆ. ನನಗೆ ಮಿಂಟ್ ಆಗುವುದಿಲ್ಲ, ಮೊದಲನೆಯ ಅರ್ಥದಲ್ಲಿ. ಕೇಳಿದವರು ಎರಡನೆಯದ್ದು ಹಿಡಿದುಕೊಂಡು, “ಒಂದು ಬಾಯಿಗೆ ಹಾಕಿ ಮಾರಾಯ್ರೆ, ತಂಪಾಗ್ತದೆ” ಅಂತ ಚೂಯಿಂಗ್ ಗಮ್ ಕೈಗೇ ಕೊಡುತ್ತಾರೆ.

ಈ ತಂಪು ಒಂದು ಮಜಾ ಸಂಗತಿ. ಮೆಂಥಾಲ್ ಬಾಯಿಯನ್ನು ತಣ್ಣಗೆ ಮಾಡುವುದೇ ಇಲ್ಲ. ಚಳಿಯನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ, ಮಿದುಳು ತಂಪು ಅಂದುಕೊಳ್ಳುತ್ತದೆ. ಅದು ಎಲ್ಲರಿಗೂ ಆಗುವಂಥದ್ದು, ಅಲರ್ಜಿ ಅಲ್ಲ. ನನಗಾದರೆ ತುಟಿಯ ಅಂಚು ಸುಲಿಯುತ್ತದೆ, ಕೆನ್ನೆಯ ಒಳಗೆ ಹುಣ್ಣಾಗುತ್ತದೆ, ಬರೀ ಸಾರು-ಅನ್ನವೂ ಉರಿಯುತ್ತದೆ. ಜಗಿದ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಹಾಗಾಗಿ ಕಳ್ಳ ಯಾರೆಂದು ಗೊತ್ತಾಗುವುದೇ ಕಷ್ಟ. ಮನೆಯಲ್ಲಿ ‘ಉಷ್ಣ’ ಅಂದರು, ಬೊಂಡ ಕುಡಿಸಿದರು. ಕೊನೆಗೆ ಚರ್ಮದ ಡಾಕ್ಟರರು ಬೆನ್ನಿಗೆ ಪ್ಯಾಚ್ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದಾಗ ಸಿಕ್ಕಿದ್ದು ಕಾರ್ವೋನ್, ಅಂದರೆ ಸ್ಪಿಯರ್‌ಮಿಂಟ್‌ಗೆ ಪರಿಮಳ ಕೊಡುವ ವಸ್ತು. ಅಪರೂಪಕ್ಕೆ ಕೆಲವರಿಗೆ ಮಿಂಟ್ ತಿಂದ ಕೂಡಲೇ ಮುಖ ಊದುವುದು, ಉಸಿರು ಕಟ್ಟುವುದು ಉಂಟು. ಅಂಥವರು ಪ್ಯಾಚ್-ಗೀಚ್ ಅಂತ ಕಾಯುವ ಹಾಗಿಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು.

ಪುದಿನದ ಕುಟುಂಬ ದೊಡ್ಡದು. ತುಳಸಿ, ದೊಡ್ಡಪತ್ರೆ ಎಲ್ಲ ಅದರದ್ದೇ ನೆಂಟರು. ಹಾಗಂತ ಎಲ್ಲವನ್ನೂ ಬಿಡಬೇಕಾಗಿಲ್ಲ. ನನಗೆ ದೊಡ್ಡಪತ್ರೆ ತಂಬುಳಿ ಈಗಲೂ ಆಗುತ್ತದೆ. ದೇವರು ದೊಡ್ಡವನು.

ಸಣ್ಣದಿರುವಾಗ ಅಂಗಡಿಯ ಭರಣಿಯಲ್ಲಿದ್ದ ಕಿತ್ತಳೆ ತೊಳೆಯಂಥ ಮಿಠಾಯಿಗೂ ನಾವು ‘ಪೆಪ್ಪರ್‌ಮಿಂಟ್’ ಅಂತಲೇ ಹೇಳುತ್ತಿದ್ದೆವು. ಈಗ ಉಲ್ಟಾ. ಹೆಸರಲ್ಲಿ ಸ್ಟ್ರಾಬೆರಿ ಇದ್ದರೂ ಒಳಗೆ ಒಂದು ಚೂರು ಮಿಂಟ್ ಇಲ್ಲವೆಂದು ಖಾತ್ರಿ ಇಲ್ಲ. ನಮ್ಮ ದೇಶದ ನಿಯಮದಲ್ಲಿ ಪೊಟ್ಟಣದ ಮೇಲೆ ಅಲರ್ಜಿ ಅಂತ ಹೇಳಲೇಬೇಕಾದವು ಗೋಧಿಯಂಥ ಗ್ಲುಟನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ನೆಲಗಡಲೆ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟ್. ಮಿಂಟ್ ಈ ಪಟ್ಟಿಯಲ್ಲಿಲ್ಲ. ‘ಫ್ಲೇವರ್’ ಅನ್ನುವ ಒಂದೇ ಪದದೊಳಗೆ ಅದು ಅಡಗಿ ಕೂರಬಹುದು. ಜಗತ್ತಿನಲ್ಲೇ ಅತಿ ಹೆಚ್ಚು ಮೆಂಥಾಲ್ ಪುದಿನದ ಎಣ್ಣೆ ತೆಗೆಯುವ ದೇಶ ನಮ್ಮದು; ಆದರೂ ನಮ್ಮಂಥವರ ನೆನಪು ಯಾರಿಗೂ ಆಗಿಲ್ಲ!

ಪೇಚಾಟ ಜಾಸ್ತಿ ಆಗುವುದು ಬಸ್ಸಿನಲ್ಲಿ. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ತಲೆ ತಿರುಗಿದರೆ ಪಕ್ಕದ ಸೀಟಿನ ಅಕ್ಕ ಪರ್ಸಿನಿಂದ ತೆಗೆಯುವುದು ಮಿಂಟೇ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ನಾನೀಗ ‘ಆಗುವುದಿಲ್ಲ’ ಅನ್ನದೆ, “ಬಾಯೆಲ್ಲ ಹುಣ್ಣಾಗ್ತದೆ ಅಕ್ಕ” ಅಂತ ನೇರ ಹೇಳುತ್ತೇನೆ. ಬ್ಯಾಗಿನಲ್ಲಿ ಒಣಗಿಸಿದ ಪುನರ್ಪುಳಿ ಸಿಪ್ಪೆ ಇರುತ್ತದೆ, ಅವರಿಗೂ ಒಂದು ಎಸಳು ಕೊಡುತ್ತೇನೆ. ಮೀಟಿಂಗಿಗೆ ಮೊದಲು ಬಾಯಿ ವಾಸನೆಗೆ ಏಲಕ್ಕಿ ಸಾಕು.

ಗಮ್ ಬಿಟ್ಟರೆ ಬದುಕಬಹುದು, ಟೂತ್‌ಪೇಸ್ಟ್ ಬಿಡುವುದು ಹೇಗೆ? ಪೇಟೆಯಲ್ಲಿ ಸಿಗುವ ಹೆಚ್ಚಿನವು ಮಿಂಟೇ, ಆಯುರ್ವೇದದ್ದರಲ್ಲೂ ‘ಪುದೀನ ಸತ್ವ’ ಇರುತ್ತದೆ. ನಾನು ಉಜ್ಜುವುದು ಮಕ್ಕಳ ಹಣ್ಣಿನ ಪೇಸ್ಟ್, ಫ್ಲೋರೈಡ್ ಉಂಟಾ ಅಂತ ನೋಡಿ ತಂದದ್ದು. ಅಕ್ಕನ ಮಗ ಬಂದಾಗೆಲ್ಲ ಅದು ತನ್ನದೇ ಅಂತ ಜಗಳ ಮಾಡುತ್ತಾನೆ. ಹಲ್ಲು ಕ್ಲೀನ್ ಮಾಡಿಸಲಿಕ್ಕೆ ಹೋಗುವವರು ಮೊದಲೇ ಫೋನ್ ಮಾಡಿ ಹೇಳಿಡಿ. ಪಾಲಿಶ್ ಮಾಡುವ ಪೇಸ್ಟಿಗೂ ಬಾಯಿ ಮುಕ್ಕಳಿಸಲು ಕೊಡುವ ನೀರಿಗೂ ಸಾಮಾನ್ಯವಾಗಿ ಮಿಂಟ್ ಹಾಕಿರುತ್ತಾರೆ.