ಕೊರಳಿಗೆ ಜೋತುಬಿದ್ದ ಮಗು

ಕಾಂಬೋಡಿಯಾದ ಕ್ರೈಸ್ತ ಅನಾಥಾಲಯಗಳಿಗೆ ಎರಡು ವಾರದ ಸೇವೆಗೆಂದು ಹೋಗುವ ಪರದೇಶಿ ಯುವಜನರು ಮೊದಲ ದಿನವನ್ನು ಮರೆಯುವುದಿಲ್ಲ. ಅಂಗಳಕ್ಕೆ ಕಾಲಿಟ್ಟೊಡನೆ ಮಕ್ಕಳು ಓಡಿಬಂದು ಕೊರಳಿಗೆ ಜೋತುಬೀಳುತ್ತಾರೆ. ದೇವರೇ ಕರೆತಂದನೆಂದು ಕಣ್ಣು ತುಂಬುತ್ತದೆ. ಆ ಕಣ್ಣೀರನ್ನು ನಾನು ಹೀಗಳೆಯಲಾರೆ. ಆದರೆ ನಿಮ್ಮ ಮನೆಯ ಕೂಸು ಅಪರಿಚಿತರನ್ನು ಕಂಡರೆ ತಾಯಿಯ ಸೆರಗಿನ ಮರೆ ಸೇರುವುದಿಲ್ಲವೇ? ಬಂದವರನ್ನೆಲ್ಲ ಅಪ್ಪುವ ಮಗುವಿನೊಳಗೆ ಅನೇಕ ವೇಳೆ ಅಗಲಿಕೆಯ ಗಾಯವಿರುತ್ತದೆ. ಹದಿನೈದನೆಯ ದಿನ ಅತಿಥಿಗಳು ವಿಮಾನ ಹತ್ತಿದಾಗ ಅದು ಮತ್ತೆ ಹಸಿಯಾಗುತ್ತದೆ.

ಇನ್ನೂ ಕಹಿಯಾದ ಸತ್ಯವಿದೆ. 2005ರಿಂದ 2010ರವರೆಗಿನ ಐದೇ ವರ್ಷಗಳಲ್ಲಿ ಆ ದೇಶದ ಅನಾಥಾಲಯಗಳು ಶೇಕಡ 75ರಷ್ಟು ಹೆಚ್ಚಿದವು. ಅಲ್ಲಿದ್ದ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು! ಬಡತನ ಅವರನ್ನು ಮನೆಯಿಂದ ಹೊರದೂಡಿತು. ಪರದೇಶದ ದಾನ ಅನಾಥಾಲಯದ ಬಾಗಿಲು ತೆರೆಯಿತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಇಂಥ ಸ್ವಯಂಸೇವೆಯಿಂದಾಗುವ ಹಾನಿಯ ಬಗ್ಗೆ ಎಚ್ಚರಿಸಿತು.

'ಫಾದರ್, ಪುಣ್ಯಕಾರ್ಯವನ್ನು ದೂಷಿಸಬಹುದೇ?' ಎನ್ನುವಿರಾ? ಸಂತ ಯಕೋಬರು ತಮ್ಮ ಪತ್ರದಲ್ಲಿ ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೇ ಹೆಸರಿಸಿದ್ದಾರೆ. ವಿಧವೆಯ ಮಡಿಲಿನಿಂದ ಮಗುವನ್ನು ಅಗಲಿಸಿ, ಅದನ್ನು ಅನಾಥವೆಂದು ಕರೆದು ಮುದ್ದಿಸುವುದು ಯಾವ ಪುಣ್ಯ? ನಿಮ್ಮ ಮಕ್ಕಳು ಇಂಥ ಸೇವೆಗೆ ಹೊರಟರೆ ಮೊದಲು ಕೇಳಿರಿ: ಆ ಮಗುವಿನ ತಾಯಿ ಎಲ್ಲಿದ್ದಾಳೆ? ಅವಳು ಬದುಕಿದ್ದರೆ, ಪ್ರಯಾಣದ ಹಣ ಅವಳ ಒಲೆ ಉರಿಸಲಿ. ಮಗು ಮನೆಗೆ ಮರಳಲಿ.