ಹೊಗೆಯೂ ಒಂದು ರುಚಿಯೆ?

ಸೌದೆಯ ಒಲೆ ಉರಿಯುತ್ತಿದ್ದ ಮನೆಗಳಲ್ಲಿ ಹಾಲು ಹೊಗೆವಾಸನೆ ಹಿಡಿಯಿತೆಂದರೆ ಅದೊಂದು ಅಪರಾಧವೇ ಆಗಿತ್ತು. ಹಸಿ ಸೌದೆಯನ್ನು ಒಲೆಗೆ ತುರುಕಿದವರು ಯಾರೆಂಬ ವಿಚಾರಣೆ ನಡೆಯುತ್ತಿತ್ತು; ಆ ದಿನದ ಕಾಫಿಯನ್ನು ಹಿರಿಯರು ಒಂದು ಗುಟುಕು ಕುಡಿದು ಕೆಳಗಿಡುತ್ತಿದ್ದರು. ಹೊಗೆಯೆಂದರೆ ಅಡಿಗೆಮನೆಯ ಅಲಕ್ಷ್ಯದ ಗುರುತು ಎಂಬ ತಿಳಿವಳಿಕೆಯಲ್ಲಿ ಬೆಳೆದ ನಾಲಗೆ ನಮ್ಮದು. ಬೇಕೆಂದೇ ಹೊಗೆ ಹಿಡಿಸಿದ ಚಹವೊಂದಿದೆ, ಬಲ್ಲವರು ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ ಎಂದರೆ ಇಂಥ ನಾಲಗೆಗೆ ನಂಬುಗೆ ಹುಟ್ಟುವುದು ಕಷ್ಟ.

ನನಗೂ ಹುಟ್ಟಿರಲಿಲ್ಲ. ಮಿತ್ರರೊಬ್ಬರು ಪರದೇಶದಿಂದ ತಂದುಕೊಟ್ಟ ಡಬ್ಬಿಯ ಮುಚ್ಚಳ ತೆಗೆದಾಗ, ಒಲೆಯ ಮೇಲೆ ಏನೋ ಸೀದಿತೆಂದು ಮನೆಯವರು ಓಡಿಬಂದರು. ನಮ್ಮ ವಾಡಿಕೆಯಂತೆ ನೀರು, ಹಾಲು, ಸಕ್ಕರೆ, ಎಲೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದೆ. ಬಂದದ್ದು ಬಾಲ್ಯದ ಆ ಹೊಗೆ ಹಿಡಿದ ಹಾಲೇ! ಡಬ್ಬಿ ಮೂಲೆ ಸೇರಿತು. ತಪ್ಪು ಚಹದ್ದಲ್ಲ, ನನ್ನದು ಎಂದು ಅರಿಯುವುದಕ್ಕೆ ಕೆಲವು ತಿಂಗಳು ಬೇಕಾದುವು. ಅರಿತ ಮೇಲೆ ಅನಿಸಿದ್ದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಆ ಚಹದ ಹೆಸರು ಲಾಪ್ಸಾಂಗ್ ಸೂಚಾಂಗ್. ಚೀನದ ಆಗ್ನೇಯ ಭಾಗದ ಫೂಜಿಯಾನ್ ಪ್ರಾಂತದಲ್ಲಿ, ವುಯಿ ಬೆಟ್ಟಗಳ ನಡುವಣ ಟೋಂಗ್‌ಮು ಎಂಬ ಹಳ್ಳಿ ಇದರ ತೌರು. ಅಲ್ಲಿಯವರು ಇದನ್ನು ಜೆಂಗ್‌ಶಾನ್ ಶಿಯಾವ್‌ಜೋಂಗ್ ಎನ್ನುತ್ತಾರೆ. ಮೂಲಬೆಟ್ಟದ ಕಿರುತಳಿ ಎಂದು ಅದರ ಅರ್ಥ. ಇಂಗ್ಲಿಷರನ್ನು ಅನುಸರಿಸಿ ನಾವು ಕಪ್ಪು ಚಹ ಎನ್ನುವುದನ್ನು ಚೀನೀಯರು ಕೆಂಪು ಚಹ ಎನ್ನುತ್ತಾರೆ. ನಾವು ಒಣಗಿದ ಎಲೆಯನ್ನು ನೋಡಿ ಹೆಸರಿಟ್ಟೆವು, ಅವರು ಬಟ್ಟಲಿನ ರಸವನ್ನು ನೋಡಿ ಹೆಸರಿಟ್ಟರು. ಯಾರ ನೋಟ ಹೆಚ್ಚು ರಸಿಕವಾದದ್ದೆಂದು ಬೇರೆ ಹೇಳಬೇಕಾಗಿಲ್ಲ.

ಆ ಕಣಿವೆಗಳಲ್ಲಿ ಮಂಜೂ ಮಳೆಯೂ ಹೆಚ್ಚು. ಬಿಸಿಲನ್ನೇ ನಂಬಿ ಎಲೆಯನ್ನು ಒಣಗಿಸುವಂತಿಲ್ಲ. ಆದ್ದರಿಂದ ಮರದಿಂದ ಅಂತಸ್ತುಗಳ ಮನೆ ಕಟ್ಟಿ, ಕೆಳಗೆ ಪೈನ್ ಸೌದೆಯ ಬೆಂಕಿಯಿಟ್ಟು, ಮೇಲಿನ ಅಟ್ಟಗಳಲ್ಲಿ ಎಲೆಯನ್ನು ಹರಡಿ ಬಾಡಿಸುತ್ತಾರೆ. ಬಾಡಿದ ಎಲೆಯನ್ನು ಹೊಸೆದು, ಗಾಳಿಯ ಆಮ್ಲಜನಕ ತಾಕಿ ಕೆಂಪೇರುವವರೆಗೆ ಬಿಟ್ಟು, ಮತ್ತೆ ಪೈನ್ ಹೊಗೆಯಲ್ಲಿಯೇ ಒಣಗಿಸುತ್ತಾರೆ. ೧೭ನೆಯ ಶತಮಾನದಲ್ಲಿ ಮಿಂಗ್ ಅರಸುಮನೆತನ ಅಳಿದು ಚಿಂಗ್ ಮನೆತನ ತಲೆಯೆತ್ತಿದ ಗಲಭೆಯ ದಿನಗಳಲ್ಲಿ, ಸೈನಿಕರು ಹಳ್ಳಿಯಲ್ಲಿ ಬೀಡುಬಿಟ್ಟದ್ದರಿಂದ ಕೆಲಸ ತಡವಾಗಿ, ಕೆಡುತ್ತಿದ್ದ ಎಲೆಯನ್ನು ಉಳಿಸಿಕೊಳ್ಳಲು ಬೆಳೆಗಾರರು ಪೈನ್ ಬೆಂಕಿಯ ಮೊರೆಹೊಕ್ಕರೆಂದು ಐತಿಹ್ಯ. ಕಥೆ ನಿಜವಿರಲಿ, ಇಲ್ಲದಿರಲಿ. ಅದರ ತಿರುಳು ಒಪ್ಪತಕ್ಕದ್ದು. ಹೊಗೆ ಮೊದಲು ಬಂದದ್ದು ರುಚಿಗಾಗಿ ಅಲ್ಲ, ಕಷ್ಟಕ್ಕಾಗಿ. ಕಷ್ಟದಲ್ಲಿ ಬಂದ ನೆಂಟ ಕ್ರಮೇಣ ಮನೆಯವನೇ ಆದ.

ಆದರೆ ಮನೆಯವನಾದವನು ಯಜಮಾನನಾಗಬಾರದು. ಇದೇ ನನ್ನ ವಾದ. ಹೊಗೆ ಹೆಚ್ಚಾದಷ್ಟೂ ಚಹ ಅಸಲಾದದ್ದು ಎಂಬ ಭ್ರಮೆ ಕೊಳ್ಳುವವರಲ್ಲಿ ಹರಡಿದೆ. ಮಾರುವವರಿಗೆ ಅದರಿಂದ ಅನುಕೂಲವೂ ಆಗಿದೆ. ಎಲ್ಲಿಯದೋ ಸತ್ವವಿಲ್ಲದ ಎಲೆಗೆ ದಟ್ಟವಾಗಿ ಹೊಗೆ ಕೊಟ್ಟರೆ, ಇಲ್ಲವೆ ಹೊಗೆಯ ಸತ್ವವನ್ನು ಮೇಲಿನಿಂದ ಚಿಮುಕಿಸಿದರೆ, ಎಲೆಯ ದೋಷ ಮುಚ್ಚಿಹೋಗುತ್ತದೆ. ಹಳಸಿದ ಪಲ್ಯಕ್ಕೆ ಖಾರ ಮಸಾಲೆ ಸುರಿದು ಬಡಿಸುವ ಉಪಾಯಕ್ಕೂ ಇದಕ್ಕೂ ಭೇದವಿಲ್ಲ. ಒಳ್ಳೆಯ ಎಲೆಯಲ್ಲಿ ಹೊಗೆಯ ಹಿಂದೆ ಒಂದು ಸಿಹಿಯಿದೆ. ಲಿಚಿಯ ಬಳಗಕ್ಕೆ ಸೇರಿದ ಲಾಂಗನ್ ಎಂಬ ಹಣ್ಣನ್ನು ಒಣಗಿಸಿ ಬೇಯಿಸಿದ ರಸಕ್ಕೆ ಚೀನೀಯರು ಅದನ್ನು ಹೋಲಿಸುತ್ತಾರೆ; ನಮ್ಮವರಿಗೆ ಒಣದ್ರಾಕ್ಷಿ, ಖರ್ಜೂರಗಳ ನೆನಪು ಬರಬಹುದು. ಆ ಸಿಹಿಯನ್ನು ಕೇಳಗೊಡದೆ ಅರಚುವ ಹೊಗೆ ಗುಣವಲ್ಲ.

ಕೊಳ್ಳುವಾಗ ಹಾಗಾದರೆ ನೋಡಬೇಕಾದದ್ದೇನು? ಮೊದಲು ಡಬ್ಬಿಯ ಮೇಲಿನ ಬರೆಹ. ಎಲೆಯ ಊರು ಹೇಳಿದೆಯೆ? ಕೃತಕ ಪರಿಮಳ ಸೇರಿಸಿದೆಯೆಂದು ಎಲ್ಲಾದರೂ ಸಣ್ಣಕ್ಷರದಲ್ಲಿದೆಯೆ? ಬಳಿಕ ಎಲೆ. ಅದು ಪುಡಿಯಾಗಿರದೆ ಇಡಿಯಾಗಿ, ಬಿಗಿಯಾಗಿ ಹೊಸೆದುಕೊಂಡಿರಬೇಕು. ಬಿಸಿನೀರಿನಿಂದ ತೊಳೆದು ಒರೆಸಿದ ಬಟ್ಟಲಿಗೆ ಒಂದು ಚಿಟಿಕೆ ಎಲೆ ಹಾಕಿ ಮೂಸಿ ನೋಡಿ. ಪೈನ್ ರಾಳದ ಪರಿಮಳವೂ ಒಣಹಣ್ಣಿನ ಸಿಹಿಯೂ ಬಂದರೆ ಸರಿ. ಡಾಂಬರು, ಸೀಮೆಎಣ್ಣೆ ನೆನಪಾದರೆ ಬೇಡ. ಹೊಗೆಯಲ್ಲಿ ಹುಟ್ಟುವ ವಸ್ತುಗಳೆಲ್ಲ ದೇಹಕ್ಕೆ ಹಿತವಾದವಲ್ಲವೆಂಬುದನ್ನೂ ಮರೆಯಬಾರದು. ಅಂಥವುಗಳಲ್ಲಿ ಒಂದಾದ ಆಂತ್ರಕ್ವಿನೋನ್ ಚಹದಲ್ಲಿ ಕಿಲೋಗ್ರಾಮಿಗೆ ೦.೦೨ ಮಿಲಿಗ್ರಾಮನ್ನು ಮೀರಬಾರದೆಂದು ಯೂರೋಪು ಒಕ್ಕೂಟ ನಿಯಮ ಮಾಡಿದೆ. ಹೊಗೆಯ ವಿಷಯದಲ್ಲಿ ಮಿತಿ ರುಚಿಗೂ ಒಳ್ಳೆಯದು, ಆರೋಗ್ಯಕ್ಕೂ ಒಳ್ಳೆಯದು. ಮೊದಲಿಗೆ ೫೦ ಗ್ರಾಂ ಸಾಕು; ಗಾಳಿಯಾಡದ ಡಬ್ಬಿಯಲ್ಲಿ ಬೇರೆಯಾಗಿಯೇ ಇಡಬೇಕು, ಇಲ್ಲದಿದ್ದರೆ ಪಕ್ಕದ ಕಾಫಿಪುಡಿಯೂ ಹೊಗೆ ಹಿಡಿದೀತು.

ಇನ್ನು ಮಾಡುವ ಬಗೆ. ಎಂಟನೆಯ ಶತಮಾನದಲ್ಲಿ ಚಹವನ್ನೇ ಕುರಿತು ಗ್ರಂಥ ಬರೆದ ಲೂ ಯೂ ಎಂಬ ಚೀನೀ ವಿದ್ವಾಂಸ ಬೆಟ್ಟದ ನೀರನ್ನು ಉತ್ತಮವೆಂದೂ ಹೊಳೆಯ ನೀರನ್ನು ಮಧ್ಯಮವೆಂದೂ ಬಾವಿಯ ನೀರನ್ನು ಕನಿಷ್ಠವೆಂದೂ ಎಣಿಸಿದ. ನಮ್ಮ ಊರುಗಳ ಕೊಳವೆಬಾವಿಯ ಗಡಸು ನೀರಿನಲ್ಲಿ ಚಹ ಮಾಡಿ, ಮೇಲೆ ಕಟ್ಟುವ ಕೆನೆಯಂಥ ಪೊರೆಯನ್ನು ಕಂಡವರಿಗೆ ಅವನ ಮಾತಿನ ಬೆಲೆ ತಿಳಿದೀತು. ಮೆದುವಾದ ನೀರನ್ನು ಹೊಸದಾಗಿ ಕುದಿಸಿ, ಕುದಿ ನಿಂತೊಡನೆ, ೨೦೦ ಮಿಲಿಲೀಟರಿಗೆ ಎರಡೂವರೆ ಮೂರು ಗ್ರಾಂ ಎಲೆಯ ಮೇಲೆ ಸುರಿಯಬೇಕು. ಮುಚ್ಚಿ, ಮೂರು ನಿಮಿಷ ಬಿಟ್ಟು, ಪೂರ್ತಿಯಾಗಿ ಸೋಸಿಬಿಡಬೇಕು. ಒಲೆಯ ಮೇಲೆ ಕುದಿಸಬಾರದು. ಹಾಲೂ ಸಕ್ಕರೆಯೂ ಬೇಡ. ಅದೇ ಎಲೆಗೆ ಎರಡನೆಯ ಸಲ, ಮೂರನೆಯ ಸಲ ಒಂದೊಂದು ನಿಮಿಷ ಹೆಚ್ಚಿಗೆ ಕೊಟ್ಟು ನೀರೆರೆಯಬಹುದು.

ಈ ಮೂರನೆಯ ಬಟ್ಟಲೇ ನ್ಯಾಯಾಧೀಶ. ಮೊದಲನೆಯದರಲ್ಲಿ ಹೊಗೆ ಮಾತಾಡುತ್ತದೆ, ಎರಡನೆಯದರಲ್ಲಿ ಇಬ್ಬರೂ ಮಾತಾಡುತ್ತಾರೆ, ಮೂರನೆಯದರಲ್ಲಿ ಹೊಗೆ ಹಿಂದೆ ಸರಿದು ಎಲೆ ಒಂಟಿಯಾಗಿ ನಿಲ್ಲುತ್ತದೆ. ಆಗ ಹೇಳಲು ಅದಕ್ಕೆ ಸಿಹಿಯೊಂದು ಉಳಿದಿದ್ದರೆ ನಿಮ್ಮ ಹಣ ಸಾರ್ಥಕ. ಬರಿಯ ಒಗರು ನೀರು ಉಳಿದರೆ, ನೀವು ಕೊಂಡದ್ದು ಚಹವನ್ನಲ್ಲ, ಹೊಗೆಯನ್ನು.

ರುಚಿ ಅವರವರ ಇಷ್ಟ, ದಟ್ಟ ಹೊಗೆಯನ್ನೇ ಮೆಚ್ಚುವವರನ್ನು ತಡೆಯಲು ನೀವು ಯಾರು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇದು ನಾಲಗೆಯ ಮಾತು ಮಾತ್ರವಲ್ಲ, ಒಂದು ಕಸುಬಿನ ಮಾತೂ ಹೌದು. ವುಯಿ ಬೆಟ್ಟಗಳು ೧೯೯೯ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಾಪಿಟ್ಟ ಆ ಕಾಡಿನಲ್ಲಿ ಪೈನ್ ಮರವನ್ನು ಮನಬಂದಂತೆ ಕಡಿಯುವಂತಿಲ್ಲ. ೨೦೦೫ರಲ್ಲಿ ಅದೇ ಟೋಂಗ್‌ಮುವಿನಲ್ಲಿ ಬರಿಯ ಮೊಗ್ಗುಗಳಿಂದ, ಹೊಗೆ ಸೋಕಿಸದೆ, ಜಿನ್ ಜುನ್ ಮೇಯ್ ಎಂಬ ಹೊಸ ಚಹ ಹುಟ್ಟಿತು. ಚೀನದ ಸಿರಿವಂತರು ಅದಕ್ಕೆ ಬಹು ದೊಡ್ಡ ಬೆಲೆ ಕೊಟ್ಟರು. ಹೊಗೆಯಿಲ್ಲದ ಎಲೆಗೆ ಹೆಚ್ಚು ಹಣ ಬರುವಾಗ, ರಾತ್ರಿಯೆಲ್ಲ ಬೆಂಕಿ ಕಾಯ್ದು ಹದವಾಗಿ ಹೊಗೆ ಕೊಡುವ ಕಷ್ಟವನ್ನು ಬೆಳೆಗಾರ ಯಾವ ಆಸೆಯಿಂದ ಪಡಬೇಕು? ಹೊಗೆಯನ್ನು ಬಯಸುವವರು ಅಗ್ಗದ, ಅರಚುವ ಹೊಗೆಗೇ ತೃಪ್ತರಾದರೆ ಹದ ಬಲ್ಲವನ ಒಲೆ ಆರುತ್ತದೆ. ಕಸುಬನ್ನು ಉಳಿಸುವುದೂ ಅಳಿಸುವುದೂ ಕೊಳ್ಳುವವರ ವಿವೇಚನೆ.

ನಮ್ಮ ಹಿರಿಯರು ಹೊಗೆ ಹಿಡಿದ ಹಾಲನ್ನು ದೂರವಿಟ್ಟದ್ದು ಸರಿಯಾಗಿಯೇ ಇತ್ತೆಂದು ಈಗಲೂ ನನ್ನ ಮತ. ಅಲ್ಲಿ ಹೊಗೆ ಅಲಕ್ಷ್ಯದಿಂದ ಬಂದಿತ್ತು. ಇಲ್ಲಿ ಅದು ಎಚ್ಚರದಿಂದ ಬರುತ್ತದೆ. ಆ ಎಚ್ಚರ ಇರುವವರೆಗೆ ಮಾತ್ರ ಹೊಗೆಯೂ ಒಂದು ರುಚಿ.