ಜೀಪು ಗೊಣಗುವುದು ಯಾವಾಗ?

ಕೊಡಗಿನ ಕಾಫಿ ತೋಟಗಳಲ್ಲಿ, ಕಾಡಂಚಿನ ಊರುಗಳಲ್ಲಿ ದುಡಿಯುವ ಹಳೆಯ ಜೀಪಿಗೆ ಮಳೆಗಾಲವೆಂದರೆ ಪರೀಕ್ಷೆಯ ಕಾಲ. ಬೇಸಿಗೆಯುದ್ದಕ್ಕೂ ಸುಮ್ಮನಿದ್ದ ಫೋರ್ ವೀಲ್ ಲಿವರಿಗೆ ಆಗ ಕೆಲಸ ಬರುತ್ತದೆ. ಅದಕ್ಕೇ ಮುಂಗಾರಿಗೆ ಮೊದಲು ಗಾಡಿಯನ್ನು ಮೈಸೂರಿನ ಗ್ಯಾರೇಜಿಗೆ ತಂದು ತೋರಿಸುವವರು ಇದ್ದಾರೆ. ‘ಅಡಿಯಲ್ಲಿ ಏನೋ ಸದ್ದು ಮೇಸ್ತ್ರಿ. ಗೇರ್ ಬಾಕ್ಸೇ ಹೋಗಿದೆ ಅಂತ ಕಾಣುತ್ತೆ, ಬಿಚ್ಚಿಬಿಡಿ’ ಎನ್ನುವುದು ಮಾಲೀಕರ ವಾಡಿಕೆಯ ಮಾತು. ಪಳಗಿದ ಮೇಸ್ತ್ರಿ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ. ‘ಬಿಚ್ಚೋದು ಇದ್ದೇ ಇದೆ ಸಾರ್. ಸದ್ದು ಬರೋದು ಯಾವಾಗ, ಅದನ್ನ ಮೊದಲು ಹೇಳಿ’ ಎನ್ನುತ್ತಾರೆ.

ಎಲ್ಲಿಂದ ಎಂದು ಕೇಳದೆ ಯಾವಾಗ ಎಂದು ಕೇಳುವುದರಲ್ಲೇ ಗುಟ್ಟಿದೆ. ಕಬ್ಬಿಣ ಸದ್ದನ್ನು ಹೊತ್ತು ಸಾಗಿಸುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಹುಟ್ಟಿದ ಮೊರೆತ ಛಾಸಿಯ ಮೂಲಕ ಹರಿದು ಡ್ರೈವರನ ಸೀಟಿನ ಕೆಳಗೆ ಕೇಳಿಸಬಹುದು. ಜಾಗವನ್ನು ನಂಬಿ ಬಿಚ್ಚಿದರೆ ಸರಿಯಿದ್ದ ಭಾಗ ಬಿಚ್ಚಿಕೊಳ್ಳುತ್ತದೆ, ಕೆಟ್ಟ ಭಾಗ ಹಾಗೆಯೇ ಉಳಿಯುತ್ತದೆ. ಸಮಯ ಮಾತ್ರ ಸುಳ್ಳು ಹೇಳುವುದಿಲ್ಲ.

ಎಂಜಿನ್ನಿನ ಶಕ್ತಿ ಗೇರ್ ಬಾಕ್ಸ್ ದಾಟಿ ಟ್ರಾನ್ಸ್‌ಫರ್ ಕೇಸ್‌ಗೆ ಬರುತ್ತದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಶಾಫ್ಟಿನ ತುದಿಗಳಲ್ಲಿ ಕ್ರಾಸ್‌ಗಳು, ಆಕ್ಸಲ್ ನಡುವಿನ ಹೌಸಿಂಗ್‌ನಲ್ಲಿ ಕ್ರೌನ್ ಮತ್ತು ಪಿನಿಯನ್. ಎರಡನೇ ಮಹಾಯುದ್ಧ ಕಾಲದ ವಿಲ್ಲೀಸ್ ಜೀಪಿನಿಂದ ಹಿಡಿದು ನಮ್ಮಲ್ಲಿ ಓಡಿದ ಮಹೀಂದ್ರ ಜೀಪುಗಳವರೆಗೆ ಈ ಮೂಲ ಜೋಡಣೆ ಹೆಚ್ಚು ಬದಲಾಗಿಲ್ಲ.

ಪರೀಕ್ಷೆಗೆ ಬೇಕಾದ ನೆಲವೆಲ್ಲ ಮೈಸೂರಿನಲ್ಲೇ ಇದೆ. ಮೊದಲು ಟೈರಿನ ಗಾಳಿ ನೋಡಿಕೊಂಡು ರಿಂಗ್ ರಸ್ತೆಯಲ್ಲಿ ಟೂ ವೀಲ್‌ನಲ್ಲೇ ಒಂದು ಸುತ್ತು. ರಸ್ತೆಯ ಮೈ ಬದಲಾದಂತೆ ಮೊರೆತವೂ ಬದಲಾದರೆ ಅದು ಟೈರಿನದು. ಗಾಡಿ ಎಡಕ್ಕೋ ಬಲಕ್ಕೋ ವಾಲಿದಾಗ ಏರಿಳಿದರೆ ಚಕ್ರದ ಬೇರಿಂಗ್ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸ್ವರ ಬದಲಾದರೆ ಕ್ರೌನ್ ಪಿನಿಯನ್ ಕಡೆ ನೋಡಬೇಕು. ಇದನ್ನು ಖಚಿತ ಮಾಡಿಕೊಳ್ಳಲು ಚಾಮುಂಡಿ ಬೆಟ್ಟದ ರಸ್ತೆ ಇದೆ. ಹತ್ತುವಾಗ ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ, ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಳ್ಳುತ್ತದೆ. ಹಲ್ಲುಗಳ ಒಂದು ಮುಖ ಸವೆದಿದ್ದರೆ ಏರಿನಲ್ಲಿ ಇಲ್ಲವೆ ಇಳಿಜಾರಿನಲ್ಲಿ, ಒಂದರಲ್ಲಿ ಮಾತ್ರ ಕೂಗು ಜೋರಾಗುತ್ತದೆ.

‘ಕಟ್ ಕಟ್’ ಎಂಬ ಸದ್ದಾದರೆ ಎಣಿಸಬೇಕು. ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟು ಒಬ್ಬರು ಪಕ್ಕದಲ್ಲಿ ನಡೆದರೆ ಸಾಕು. ಹಳೆಯ ವಿಲ್ಲೀಸ್‌ನಲ್ಲಿ ಚಕ್ರ 1 ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ 4.88 ಸುತ್ತು ತಿರುಗುತ್ತದೆ. ಸುತ್ತಿಗೊಂದು ಸದ್ದಾದರೆ ಚಕ್ರದ ಕಡೆಯದು, ಐದರ ಹತ್ತಿರವಾದರೆ ಶಾಫ್ಟಿನ ಕಡೆಯದು.

ಫೋರ್ ವೀಲ್ ಹಾಕಿದಾಗ ಮಾತ್ರ ಬರುವ ಸದ್ದನ್ನು ಮಣ್ಣಿನ ನೆಲದಲ್ಲೇ ಪರೀಕ್ಷಿಸಬೇಕು. ನೇರ ಓಟದಲ್ಲಿ ಕೂಗಿದರೆ ಮುಂದಿನ ಹೌಸಿಂಗ್ ಇಲ್ಲವೆ ಟ್ರಾನ್ಸ್‌ಫರ್ ಕೇಸ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಮುಂದಿನ ಆಕ್ಸಲ್ ತುದಿಯ ಜಾಯಿಂಟ್. ಆದರೆ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ, ತಿರುವಿನಲ್ಲಿ ಗಾಡಿ ಜಗ್ಗಿ ‘ಧಡ್’ ಎಂದರೆ ಅದು ಯಂತ್ರದ ತಪ್ಪಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಇಂಥ ಜೀಪಿನಲ್ಲಿ ಎರಡು ಶಾಫ್ಟುಗಳೂ ಒಂದೇ ವೇಗಕ್ಕೆ ಬಿಗಿದಿರುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ, ಟಾರಿನಲ್ಲಿ ಜಾರಲಾರದೆ ಶಾಫ್ಟುಗಳು ಮುರುಟಿಕೊಳ್ಳುತ್ತವೆ. ಲಿವರ್ ಕಚ್ಚಿಕೊಳ್ಳುವುದೂ ಆಗಲೇ. ಸ್ವಲ್ಪ ಹಿಂದಕ್ಕೆ ಬಿಟ್ಟರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೂ ಇದೇ ಕಾಟ.

ಬಿಚ್ಚುವ ಮುನ್ನ ಎಣ್ಣೆಯನ್ನೂ ನೋಡಬೇಕು. ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಹೌಸಿಂಗ್‌ಗಳಿಂದ ಒಂದಿಷ್ಟು ತೆಗೆದರೆ ಸಾಕು. ಹಾಲು ಬೆರೆಸಿದ ಕಾಫಿಯಂತಿದ್ದರೆ ಹಳ್ಳ ದಾಟುವಾಗ ನೀರು ಸೇರಿದೆ. ಲೋಹದ ಚೂರು ಕೈಗೆ ಸಿಕ್ಕರೆ ಹಲ್ಲೋ ಬೇರಿಂಗೋ ಪುಡಿಯಾಗುತ್ತಿದೆ.

ಇನ್ನು ಎಲ್ಲರೂ ಕಡೆಗಣಿಸುವ ಸದ್ದು ಒಂದಿದೆ. ಕ್ಲಚ್ ಬಿಟ್ಟಾಗ, ರಿವರ್ಸ್‌ನಿಂದ ಫಸ್ಟ್‌ಗೆ ಬಂದಾಗ ಒಂದೇ ಒಂದು ‘ಟಕ್’. ಹೆಚ್ಚಾಗಿ ಅದು ಸವೆದ ಕ್ರಾಸ್. ಇಡೀ ವ್ಯವಸ್ಥೆಯಲ್ಲಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ಗಾಡಿ ಓಡುತ್ತಿದೆಯಲ್ಲ ಎಂದು ಮುಂದಕ್ಕೆ ಹಾಕುವವರು ಒಂದು ಸಂಗತಿ ತಿಳಿದಿರಬೇಕು. ಹಳೆಯ ಅನೇಕ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿಲ್ಲ. ಅದರ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ; ಅದು ಹಿಡಿಯುವುದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಆ ಶಾಫ್ಟಿನ ಕ್ರಾಸ್ ಮುರಿದರೆ ಟೂ ವೀಲ್‌ನಲ್ಲಿರುವ ಗಾಡಿಗೆ ಎಂಜಿನ್ನಿನ ಹಿಡಿತವೂ ಇಲ್ಲ, ಹ್ಯಾಂಡ್ ಬ್ರೇಕಿನ ಹಿಡಿತವೂ ಇಲ್ಲ. ತೋಟದ ಇಳಿಜಾರಿನಲ್ಲಿ ಆಳುಗಳನ್ನು ಕೂರಿಸಿಕೊಂಡು ನಿಂತ ಜೀಪಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಗಾಡಿಯ ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿದರೂ ಅಷ್ಟೆ, ಹ್ಯಾಂಡ್ ಬ್ರೇಕ್ ನಿಲ್ಲಿಸಲಾರದು. ಉಳಿದ ಚಕ್ರಗಳಿಗೆ ಕಲ್ಲು ಕೊಡದೆ, ಗಟ್ಟಿ ಸ್ಟ್ಯಾಂಡ್ ಇಡದೆ ಅಡಿಗೆ ನುಗ್ಗಬಾರದು.

ಗ್ಯಾರೇಜಿಗೆ ಹೋಗುವ ಮುನ್ನ ಮಾಲೀಕರು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ: ಎಷ್ಟು ವೇಗ, ಯಾವ ಗೇರು, ಲಿವರ್ ಎಲ್ಲಿತ್ತು, ಏರೋ ಇಳಿಜಾರೋ, ನೇರವೋ ತಿರುವೋ. ಆ ಚೀಟಿ ಓದಿದ ಮೇಸ್ತ್ರಿ ಗೇರ್ ಬಾಕ್ಸಿನ ಬದಲು ಒಂದು ಕ್ರಾಸ್ ಬಿಚ್ಚಿ ಗಾಡಿಯನ್ನು ಸಂಜೆಗೇ ಕಳಿಸಿದರೆ ಆಶ್ಚರ್ಯವಿಲ್ಲ.